43 ನಿಮಿಷಗಳ ಚಂದ್ರಯಾನ

741 ವಾರ. ಏಳರಿಂದ ಗುಣಿಸಿದರೆ 5,187 ದಿನ. ವರ್ಷದ ಲೆಕ್ಕದಲ್ಲಿ ಹದಿನಾಲ್ಕೂಕಾಲು.

ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ವಾರಕ್ಕೊಮ್ಮೆ ಆ ದೇಶದ ಅತಿ ಜನಪ್ರಿಯ 200 ಆಲ್ಬಮ್‌ಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಪಟ್ಟಿಯೊಳಗೆ ಬರುವುದೇ ಕಷ್ಟ, ಬಂದವುಗಳಲ್ಲಿ ಬಹುಪಾಲು ಕೆಲವೇ ವಾರಗಳಲ್ಲಿ ಕಣ್ಮರೆಯಾಗುತ್ತವೆ. ಆದರೆ 1973ರಲ್ಲಿ ಪಟ್ಟಿ ಸೇರಿದ ಒಂದು ಆಲ್ಬಮ್ 1988ರ ಹೊತ್ತಿಗೆ ಅಲ್ಲಿ 741 ವಾರ ಕಳೆದಿತ್ತು. ಅದು ಬಂದ ತಿಂಗಳು ಹುಟ್ಟಿದ ಮಗು ನಡೆಯಲು ಕಲಿತು, ಶಾಲೆ ಸೇರಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರುವ ವಯಸ್ಸಿಗೆ ಬರುವ ತನಕ ಆ ಆಲ್ಬಮ್ಮಿನ ಹೆಸರು ಪಟ್ಟಿಯಲ್ಲಿ ಕಾಣಿಸುತ್ತಲೇ ಇತ್ತು.

ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ಆ ಆಲ್ಬಮ್ಮಿನ ಹೆಸರು 'ದ ಡಾರ್ಕ್ ಸೈಡ್ ಆಫ್ ದ ಮೂನ್', ಅಂದರೆ ಚಂದ್ರನ ಕತ್ತಲ ಮಗ್ಗುಲು. ಅದರಲ್ಲಿರುವುದು ಹತ್ತು ರಚನೆ, ಸುಮಾರು 43 ನಿಮಿಷದ ಸಂಗೀತ. 741 ವಾರವೂ ಅದನ್ನು ಹಗಲಿರುಳು ಬಿಡದೆ ನುಡಿಸಿದ್ದರೆ 1,73,000 ಸಲಕ್ಕೂ ಹೆಚ್ಚು ಬಾರಿ ಮುಗಿದು ಮತ್ತೆ ಶುರುವಾಗುತ್ತಿತ್ತು.

ಈ ದೊಡ್ಡ ಅಂಕಿಯ ಪಕ್ಕದಲ್ಲೇ ಒಂದು ಪುಟ್ಟ ಅಂಕಿ ಇದೆ. ಈ 741 ವಾರಗಳಲ್ಲಿ ಅದು ಮೊದಲ ಸ್ಥಾನದಲ್ಲಿದ್ದದ್ದು ಒಂದೇ ಒಂದು ವಾರ, 1973ರ ಏಪ್ರಿಲ್ ಕೊನೆಯಲ್ಲಿ. ಸ್ವಂತ ನಾಡಾದ ಬ್ರಿಟನ್ನಿನಲ್ಲಿ ಅಷ್ಟೂ ಆಗಲಿಲ್ಲ, ಎರಡನೆಯ ಸ್ಥಾನಕ್ಕೇ ನಿಂತಿತು. ಶಿಖರದ ಮೇಲೆ ಏಳು ದಿನ, ಬೆಟ್ಟದ ಮೇಲೆ ಹದಿನಾಲ್ಕು ವರ್ಷ!

ಲೆಕ್ಕ ಅಲ್ಲಿಗೂ ನಿಲ್ಲಲಿಲ್ಲ. 1991ರಿಂದ 2009ರವರೆಗೆ ಬಿಲ್‌ಬೋರ್ಡ್ ಹಳೆಯ ಆಲ್ಬಮ್‌ಗಳನ್ನು ಮುಖ್ಯ ಪಟ್ಟಿಯಿಂದ ಹೊರಗಿಟ್ಟು ಅವುಗಳಿಗೆ ಬೇರೆಯೇ ಪಟ್ಟಿ ಮಾಡಿತ್ತು. ಹದಿನೆಂಟು ವರ್ಷ ಮುಚ್ಚಿದ್ದ ಆ ಬಾಗಿಲು ತೆರೆದ ಮೇಲೆ ಇದು ಮತ್ತೆ ಒಳಗೆ ಬಂತು. ಒಟ್ಟು ವಾರಗಳು ಈಗ 900 ದಾಟಿವೆ.

ಇನ್ನು ಮಾರಾಟ. ಜಗತ್ತಿನಾದ್ಯಂತ ಈ ಆಲ್ಬಮ್ಮಿನ ಸುಮಾರು 4.5 ಕೋಟಿ ಪ್ರತಿಗಳು ಮಾರಾಟವಾಗಿವೆ ಎಂಬುದು ಎಲ್ಲೆಡೆ ಒಪ್ಪಿಕೊಂಡಿರುವ ಅಂದಾಜು. 4.5 ಕೋಟಿ ಎಂದರೆ ಎಷ್ಟು? 1991ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 4,49,77,201. ಬೀದರಿನಿಂದ ಚಾಮರಾಜನಗರದವರೆಗೆ, ತೊಟ್ಟಿಲ ಕೂಸಿನಿಂದ ಹಣ್ಣು ಹಣ್ಣು ಮುದುಕರವರೆಗೆ, ಅಂದಿದ್ದ ಪ್ರತಿಯೊಬ್ಬರ ಕೈಗೂ ಒಂದೊಂದು ಪ್ರತಿ ಕೊಡಬಹುದಿತ್ತು.

ನಾನು ಕಾಗದ, ಪೆನ್ಸಿಲು ಹಿಡಿದು ಇನ್ನೊಂದು ಲೆಕ್ಕ ಮಾಡಿ ನೋಡಿದೆ. ಗ್ರಾಮಫೋನ್ ತಟ್ಟೆ ನಿಮಿಷಕ್ಕೆ ಮೂವತ್ಮೂರೂವರೆಗೆ ತುಸು ಕಡಿಮೆ ಸುತ್ತು ತಿರುಗುತ್ತದೆ. 43 ನಿಮಿಷಕ್ಕೆ ಸುಮಾರು 1,430 ಸುತ್ತು. ಅದರ ಮೇಲಿನ ಗೀರು ಅಂಚಿನಿಂದ ನಡುವಿಗೆ ಸುತ್ತಿಕೊಂಡು ಹೋಗುವ ಒಂದೇ ಉದ್ದನೆಯ ದಾರಿ. ಎರಡೂ ಮಗ್ಗುಲಿನ ಗೀರನ್ನು ಬಿಡಿಸಿ ನೇರ ಮಾಡಿದರೆ ಸುಮಾರು 900 ಮೀಟರ್ ಆಗುತ್ತದೆ. ಮಾರಾಟವಾದ ಪ್ರತಿಗಳಲ್ಲಿ ಕ್ಯಾಸೆಟ್ಟು, ಸಿಡಿಗಳೂ ಇವೆ. ಎಲ್ಲವೂ ಗ್ರಾಮಫೋನ್ ತಟ್ಟೆಗಳೇ ಎಂದಿಟ್ಟುಕೊಂಡರೆ ಅವುಗಳ ಗೀರಿನ ಒಟ್ಟು ಉದ್ದ ನಾಲ್ಕು ಕೋಟಿ ಕಿಲೋಮೀಟರ್. ಚಂದ್ರ ನಮ್ಮಿಂದ ಸುಮಾರು 3,84,000 ಕಿಲೋಮೀಟರ್ ದೂರ. ಆ ಗೀರಿನ ದಾರಿ ಹಿಡಿದರೆ ಚಂದ್ರನಿಗೆ ಐವತ್ತು ಸಲ ಹೋಗಿ ಬರಬಹುದು. ತಟ್ಟೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೂ ಚಂದ್ರನ ಸುತ್ತಳತೆಗೆ ಒಂದೂಕಾಲು ಸುತ್ತು ಬರುತ್ತದೆ. ಕೊಂಡವರೆಲ್ಲ ತಮ್ಮ ಪ್ರತಿಯನ್ನು ಒಂದೇ ಒಂದು ಸಲ ಕೇಳಿ ಎತ್ತಿಟ್ಟಿದ್ದರೂ ಆ ಆಲಿಕೆಯ ಹೊತ್ತೆಲ್ಲ ಸೇರಿ 3,600 ವರ್ಷ ಮೀರುತ್ತದೆ.

ಅಂಕಿಗಳು ಇಷ್ಟು ದೊಡ್ಡವಾದಾಗ ಇದರ ಹಿಂದೆ ಯಾವುದೋ ಮಹಾಯಂತ್ರವಿರಬೇಕು, ಮಹಾಬಂಡವಾಳವಿರಬೇಕು ಅನ್ನಿಸುತ್ತದೆ. ನನ್ನ ನಿಜವಾದ ಬೆರಗು ಶುರುವಾದದ್ದು ಅದನ್ನು ಹುಡುಕಲು ಹೋದಾಗ. ಬಗೆಯುತ್ತ ಹೋದ ಹಾಗೆ ಸಿಕ್ಕಿದ್ದೆಲ್ಲ ಪುಟ್ಟ ಪುಟ್ಟ ಸಂಗತಿಗಳು: ಎಂಟು ಸ್ವರ, ಏಳು ತುಂಡು ಟೇಪು, ಮೂವತ್ತು ಪೌಂಡು, ಒಬ್ಬ ಬಾಗಿಲು ಕಾಯುವವ.

ಆಗ ತಂಡದಲ್ಲಿದ್ದವರು ನಾಲ್ವರು. ಬೇಸ್ ಗಿಟಾರಿನ ರೋಜರ್ ವಾಟರ್ಸ್, ಗಿಟಾರಿನ ಡೇವಿಡ್ ಗಿಲ್ಮೋರ್, ಕೀಬೋರ್ಡಿನ ರಿಚರ್ಡ್ ರೈಟ್, ಡ್ರಮ್ಸ್‌ನ ನಿಕ್ ಮೇಸನ್. 1973ರ ಮಾರ್ಚಿನಲ್ಲಿ ಆಲ್ಬಮ್ ಹೊರಬಂದಾಗ ನಾಲ್ವರಲ್ಲಿ ಒಬ್ಬರಿಗೂ ಮೂವತ್ತು ತುಂಬಿರಲಿಲ್ಲ. ಇದು ಅವರ ಎಂಟನೆಯ ಆಲ್ಬಮ್. ಹಿಂದಿನ ಏಳೂ ಅಮೆರಿಕದಲ್ಲಿ ಅಂಥ ಸದ್ದು ಮಾಡಿರಲಿಲ್ಲ. ಆಗಿನ್ನೂ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರೂ ಬಂದಿರಲಿಲ್ಲ. ಆ ಹೆಸರು ಬಂದದ್ದು ಅದೇ ವರ್ಷದ ನವೆಂಬರ್ 1ರಂದು. ಅಂದರೆ ಈ ಆಲ್ಬಮ್ ನಮ್ಮ ರಾಜ್ಯದ ಹೆಸರಿಗಿಂತ ಎಂಟು ತಿಂಗಳು ಹಿರಿಯದು.

ಆರಂಭ ಶುಭವಾಗಿರಲಿಲ್ಲ. ಧ್ವನಿಮುದ್ರಣಕ್ಕೆ ಮೊದಲೇ, 1972ರ ಜನವರಿ 20ರಂದು, ಬ್ರೈಟನ್ ನಗರದ ವೇದಿಕೆಯಲ್ಲಿ ತಂಡ ಇದನ್ನು ಜನರ ಮುಂದೆ ನುಡಿಸಿತು. ಅರ್ಧ ದಾರಿಯಲ್ಲಿ ಉಪಕರಣಗಳು ಕೈಕೊಟ್ಟು ನಿಲ್ಲಿಸಬೇಕಾಯಿತು. ಹೆಸರಿಗೂ ಒಂದು ವಿಘ್ನ ಬಂತು. ಮೆಡಿಸಿನ್ ಹೆಡ್ ಎಂಬ ಇನ್ನೊಂದು ತಂಡ ಅದೇ ವರ್ಷ ಇದೇ ಹೆಸರಿನ ಆಲ್ಬಮ್ ತಂದುಬಿಟ್ಟಿತು. ಪಿಂಕ್ ಫ್ಲಾಯ್ಡ್ ತನ್ನ ಕೃತಿಗೆ 'ಎಕ್ಲಿಪ್ಸ್', ಅಂದರೆ ಗ್ರಹಣ ಎಂದು ಹೆಸರು ಬದಲಿಸಿಕೊಂಡಿತು. ಆ ಇನ್ನೊಂದು ಆಲ್ಬಮ್ ಮಾರಾಟವಾಗದೆ ಮೂಲೆ ಸೇರಿದ ಮೇಲೆ ಹಳೆಯ ಹೆಸರನ್ನೇ ಮತ್ತೆ ತೆಗೆದುಕೊಂಡಿತು. ಒಂದೇ ಹೆಸರು, ಎರಡು ಹಣೆಬರಹ.

ಧ್ವನಿಮುದ್ರಣ ನಡೆದದ್ದು ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ, 1972ರ ಬೇಸಿಗೆಯಿಂದ 1973ರ ಆರಂಭದವರೆಗೆ, ಊರೂರು ತಿರುಗಿ ಕಛೇರಿ ಕೊಡುವುದರ ನಡುನಡುವೆ. ಆಗಿನ ಯಂತ್ರದಲ್ಲಿ ಹದಿನಾರು ಪ್ರತ್ಯೇಕ ದನಿಗಳನ್ನು ಮಾತ್ರ ಒಂದು ಟೇಪಿನ ಮೇಲೆ ಹಿಡಿಯಬಹುದಿತ್ತು. ಇಂದು ಮೊಬೈಲ್ ಫೋನಿನ ಸಾಧಾರಣ ಆ್ಯಪ್ ಕೂಡ ಅದಕ್ಕಿಂತ ಹೆಚ್ಚು ಮಾಡುತ್ತದೆ. ಹದಿನಾರೂ ತುಂಬಿದಾಗ ಅವನ್ನು ಬೆರೆಸಿ ಇನ್ನೊಂದು ಟೇಪಿಗೆ ಇಳಿಸಿ ಜಾಗ ಮಾಡಿಕೊಳ್ಳುತ್ತಿದ್ದರು. ಶಬ್ದಯಂತ್ರದ ಮುಂದೆ ಕೂತಿದ್ದವರು ಆಗಷ್ಟೇ 24 ತುಂಬುತ್ತಿದ್ದ ಅಲನ್ ಪಾರ್ಸನ್ಸ್. ಅವರ ಸಂಬಳ ವಾರಕ್ಕೆ 35 ಪೌಂಡು.

ಆಲ್ಬಮ್ ಶುರುವಾಗುವುದು ಎದೆಬಡಿತದಿಂದ. ಅದು ಯಾರ ಎದೆಯದ್ದೂ ಅಲ್ಲ, ಮೇಸನ್ ತಮ್ಮ ದೊಡ್ಡ ಡ್ರಮ್ಮನ್ನು ಮೆತ್ತಗೆ ಬಡಿದದ್ದು. ಅದರ ಮೇಲೆ ಗಡಿಯಾರ, ನಾಣ್ಯ, ನಗು, ಚೀತ್ಕಾರ ಎಲ್ಲವೂ ಒಂದು ನಿಮಿಷದೊಳಗೆ ಹಾದುಹೋಗುತ್ತವೆ. ಮುಂದೆ ಬರುವ ಕಥೆಯ ಪಾತ್ರಗಳೆಲ್ಲ ರಂಗದ ಮೇಲೆ ಬಂದು ಮುಖ ತೋರಿಸಿ ಹೋದ ಹಾಗೆ, ನಮ್ಮ ಬಯಲಾಟದ ಒಡ್ಡೋಲಗದ ಹಾಗೆ.

ಮೂರನೆಯ ರಚನೆ 'ಆನ್ ದ ರನ್'. ವಿಮಾನ ನಿಲ್ದಾಣ, ಓಡುವ ಹೆಜ್ಜೆ, ಏದುಸಿರು, ಕೊನೆಗೊಂದು ಸ್ಫೋಟ. ಇದರ ಬೆನ್ನೆಲುಬು ಎಂಟೇ ಎಂಟು ಸ್ವರ. ಸೂಟ್‌ಕೇಸಿನೊಳಗೆ ಹಿಡಿಸುವಂಥ ಸಿಂಥಸೈಜರಿನಲ್ಲಿ ಆ ಎಂಟನ್ನು ನಿಧಾನವಾಗಿ ನುಡಿಸಿ, ನೆನಪಿನಲ್ಲಿ ಕೂರಿಸಿ, ವೇಗವನ್ನು ಏರಿಸಿಬಿಟ್ಟರು. ಮನುಷ್ಯನ ಬೆರಳು ಮುಟ್ಟಲಾರದ ಓಟ ಹುಟ್ಟಿತು. ಇಂದಿನ ಎಲೆಕ್ಟ್ರಾನಿಕ್ ಸಂಗೀತ ಕೇಳುವ ಎಳೆಯರಿಗೆ ಇದನ್ನು ಕೇಳಿಸಿದರೆ ಐವತ್ತು ವರ್ಷ ಹಳೆಯದೆಂದು ನಂಬುವುದು ಕಷ್ಟ.

ಆ ಸ್ಫೋಟ ಅಡಗುತ್ತಿದ್ದಂತೆ ಗಡಿಯಾರಗಳು. ಪಾರ್ಸನ್ಸ್ ಹಿಂದೊಮ್ಮೆ ಹಳೆ ಗಡಿಯಾರಗಳ ಅಂಗಡಿಗೆ ಹೋಗಿ ಒಂದೊಂದು ಗಡಿಯಾರದ ಟಿಕ್‌ಟಿಕ್ಕನ್ನೂ ಗಂಟೆಯನ್ನೂ ಬೇರೆ ಬೇರೆಯಾಗಿ ಮುದ್ರಿಸಿಕೊಂಡು ಬಂದಿದ್ದರು. ನಾಲ್ಕು ಸ್ಪೀಕರ್‌ಗಳ ಹೊಸ ಪದ್ಧತಿಯನ್ನು ಪರೀಕ್ಷಿಸುವುದಕ್ಕಷ್ಟೇ ಮಾಡಿದ್ದ ಕೆಲಸ ಅದು. ಹಾಗೆ ಬಿದ್ದಿದ್ದ ಟೇಪು 'ಟೈಮ್' ಹಾಡಿನ ಬಾಗಿಲಾಯಿತು. ಎಲ್ಲ ಗಡಿಯಾರಗಳೂ ಒಟ್ಟಿಗೆ ಬಡಿದುಕೊಳ್ಳುವ ಆ ಕ್ಷಣದಲ್ಲಿ ಮೊದಲ ಸಲ ಕೇಳುವವರು ಕೂತಲ್ಲೇ ಬೆಚ್ಚುತ್ತಾರೆ. ಆಮೇಲೆ ಸುಮಾರು ಎರಡು ನಿಮಿಷ ಹೆಚ್ಚಾಗಿ ಟಿಕ್‌ಟಿಕ್ಕು, ಡ್ರಮ್ಮು. ಅದಾದ ಮೇಲೆಯೇ ಮಾತು. ನಾಳೆ ಬದುಕಿದರಾಯಿತು ಎಂದು ಕಾದು ಕೂತವನಿಗೆ ಹತ್ತು ವರ್ಷ ಹೋದದ್ದೇ ಗೊತ್ತಾಗಲಿಲ್ಲ ಎಂಬುದು ಆ ಹಾಡಿನ ತಿರುಳು. ಬರೆದ ವಾಟರ್ಸ್‌ಗೆ ಆಗ ಇನ್ನೂ ಮೂವತ್ತಾಗಿರಲಿಲ್ಲ. ಬದುಕು ಯಾವುದಕ್ಕೋ ತಾಲೀಮಲ್ಲ, ಅದು ಆಗಲೇ ನಡೆಯುತ್ತಿದೆ ಎಂಬುದು ತಮಗೆ ಥಟ್ಟನೆ ಹೊಳೆದದ್ದು ಆ ವಯಸ್ಸಿನಲ್ಲಿ ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಅರವತ್ತರಲ್ಲಿ ಕೇಳಿದರೆ ಆ ಹಾಡು ಅರವತ್ತರವರದ್ದೇ ಅನ್ನಿಸುವುದು ಇದರ ಅದ್ಭುತ.

ಮೊದಲ ಮಗ್ಗುಲಿನ ಕೊನೆಯ ರಚನೆ 'ದ ಗ್ರೇಟ್ ಗಿಗ್ ಇನ್ ದ ಸ್ಕೈ'. ಇದರ ವಸ್ತು ಸಾವು. ರೈಟ್ ಕಟ್ಟಿದ ಪಿಯಾನೋ ರಾಗಕ್ಕೆ ಏನು ಸೇರಿಸಬೇಕೆಂದು ತಂಡಕ್ಕೇ ತಿಳಿದಿರಲಿಲ್ಲ. ಪಾರ್ಸನ್ಸ್ ಹೇಳಿದರೆಂದು 25 ವರ್ಷದ ಕ್ಲೇರ್ ಟಾರಿ ಎಂಬ ಗಾಯಕಿಯನ್ನು ಕರೆಸಿದರು. 1973ರ ಜನವರಿ 21, ಭಾನುವಾರ. ಮಾತಿಲ್ಲ, ಬರೆದ ಸ್ವರವಿಲ್ಲ. ಸಾವನ್ನು ಮನಸ್ಸಿಗೆ ತಂದುಕೊಂಡು ಹಾಡಬೇಕು, ಅಷ್ಟೆ. ನಮ್ಮವರಿಗೆ ಆಲಾಪನೆ ಹೊಸದಲ್ಲ, ಆದರೆ ಇದು ರಾಗದ ಚೌಕಟ್ಟೂ ಇಲ್ಲದ ಆಲಾಪನೆ. ತನ್ನ ಕಂಠವನ್ನೇ ಒಂದು ವಾದ್ಯ ಅಂದುಕೊಂಡು ಆಕೆ ಹಾಡಿದರು. ಗೋಳಾಡಿ, ಕೂಗಿ, ಬೇಡಿ, ಕೊನೆಗೆ ಸೋತು ಶಾಂತವಾಗುವ ಆ ದನಿ ಎರಡೂವರೆ ಸಲದ ಪ್ರಯತ್ನದಲ್ಲಿ ಮುಗಿಯಿತು. ತಾನು ಅತಿ ಮಾಡಿದೆನೇನೋ ಎಂದು ಆಕೆ ಸಂಕೋಚದಿಂದ ಕ್ಷಮೆ ಕೇಳಿ ಹೊರಟರು. ಸಂಭಾವನೆ 30 ಪೌಂಡು, ಅದೂ ಭಾನುವಾರವಾದ್ದರಿಂದ ದುಪ್ಪಟ್ಟು ದರ. ಅಂದಿನ ನಮ್ಮ ಹಣದಲ್ಲಿ ಆರುನೂರು ರೂಪಾಯಿಗೂ ಕಡಿಮೆ. ತನ್ನ ಹಾಡು ಆಲ್ಬಮ್ಮಿನಲ್ಲಿ ಉಳಿದುಕೊಂಡಿದೆ ಎಂಬುದು ಆಕೆಗೆ ತಿಳಿದದ್ದೇ ಅಂಗಡಿಯಲ್ಲಿ ರಕ್ಷಾಕವಚದ ಮೇಲೆ ತನ್ನ ಹೆಸರು ಕಂಡಾಗ. 4.5 ಕೋಟಿ ಪ್ರತಿಗಳಲ್ಲೂ ಆ ಭಾನುವಾರದ ಉಸಿರಿದೆ. ಮೂರು ದಶಕ ಕಳೆದ ಮೇಲೆ, 2004ರಲ್ಲಿ, ಆಕೆ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ರಾಜಿಯಾಗಿ, ರಚನಕಾರರ ಸಾಲಿನಲ್ಲಿ ರೈಟ್ ಅವರ ಹೆಸರಿನ ಜೊತೆಗೆ ಟಾರಿ ಹೆಸರೂ ಸೇರಿತು. ಬರಬೇಕಾದದ್ದು ಬಂತು, ಮೂವತ್ತೆರಡು ವರ್ಷ ತಡವಾಗಿ.

ತಟ್ಟೆ ತಿರುವಿ ಹಾಕಿದರೆ 'ಮನಿ'. ಹಣದ ಹಾಡು ಹಣದ ಸದ್ದಿನಿಂದಲೇ ಶುರುವಾಗುತ್ತದೆ. ವಾಟರ್ಸ್ ತಮ್ಮ ಮನೆಯ ತೋಟದ ಕೊಟ್ಟಿಗೆಯಲ್ಲಿ, ಮಡದಿ ಮಡಕೆ ಮಾಡಲು ಮಣ್ಣು ಕಲಸುತ್ತಿದ್ದ ಬೋಗುಣಿಗೆ ನಾಣ್ಯ ಎಸೆದು ಮುದ್ರಿಸಿಕೊಂಡರು. ಕಾಗದ ಹರಿದ ಸದ್ದು, ಅಂಗಡಿಯ ಗಲ್ಲಾ ಯಂತ್ರದ ಸದ್ದು ಸೇರಿದವು. ಒಂದೊಂದು ಸದ್ದಿನ ಟೇಪನ್ನೂ ಅಳತೆಪಟ್ಟಿ ಹಿಡಿದು ಒಂದೇ ಉದ್ದಕ್ಕೆ ಕತ್ತರಿಸಿ, ಏಳು ತುಂಡು ಅಂಟಿಸಿ, ಉಂಗುರದಂತೆ ಜೋಡಿಸಿ ಯಂತ್ರದ ಮೇಲೆ ತಿರುಗಿಸಿದರು. ಒಂದು ತುಂಡಿಗೆ ಒಂದು ಪೆಟ್ಟು. ಹಾಗಾಗಿ ಹಾಡಿನ ಎಣಿಕೆ ಏಳು. ರಾಕ್ ಸಂಗೀತಕ್ಕೆ ನಾಲ್ಕರ ಎಣಿಕೆ ಉಸಿರಾಟದಷ್ಟೇ ಸಹಜ, ಏಳು ಬಲು ಅಪರೂಪ. ಮಿಶ್ರಛಾಪಿನಲ್ಲಿ ದೇವರನಾಮ ಕೇಳಿ ಬೆಳೆದ ನಮ್ಮ ಕಿವಿಗೆ ಆ ಏಳು ಪರಕೀಯ ಅನ್ನಿಸುವುದಿಲ್ಲ. ತೊಡೆಯ ಮೇಲೆ ತಕಿಟ ತಕದಿಮಿ ಹಾಕುತ್ತ ಕೇಳಿ, ಪೆಟ್ಟು ಸರಿಯಾಗಿ ಬಂದು ಕೂರುತ್ತದೆ. ನಡುವೆ ಗಿಲ್ಮೋರ್ ಗಿಟಾರು ಎತ್ತಿಕೊಂಡಾಗ ತಾಳ ನಾಲ್ಕಕ್ಕೆ ತಿರುಗಿ ಬಿಗಿ ಬಿಚ್ಚುತ್ತದೆ, ಮತ್ತೆ ಏಳಕ್ಕೆ ಮರಳುತ್ತದೆ. ಹಣದ ದುರಾಸೆಯನ್ನು ಚುಚ್ಚುವ ಈ ಹಾಡೇ ಅಮೆರಿಕದ ಬಿಡಿಹಾಡುಗಳ ಪಟ್ಟಿಯಲ್ಲಿ 13ನೆಯ ಸ್ಥಾನಕ್ಕೇರಿ ತಂಡಕ್ಕೆ ಹಣದ ಹೊಳೆ ಹರಿಸಿತು.

ಅಮೆರಿಕದಲ್ಲಿ ಆ ದಾರಿ ಮಾಡಿಕೊಟ್ಟವರು ಒಬ್ಬ ಭಾರತೀಯ. ತಿರುವನಂತಪುರದಲ್ಲಿ ಹುಟ್ಟಿದ ಭಾಸ್ಕರ್ ಮೆನನ್ ಭಾರತದ ಗ್ರಾಮಫೋನ್ ಕಂಪನಿಯ ಮುಖ್ಯಸ್ಥರಾಗಿದ್ದು, 1971ರಲ್ಲಿ ಅಮೆರಿಕದ ಕ್ಯಾಪಿಟಲ್ ರೆಕಾರ್ಡ್ಸ್‌ನ ಚುಕ್ಕಾಣಿ ಹಿಡಿದಿದ್ದರು. ಅವರು ಈ ಆಲ್ಬಮ್ಮಿನ ಪ್ರಚಾರಕ್ಕೆ ಕಂಪನಿಯ ಶಕ್ತಿಯನ್ನೆಲ್ಲ ಹಾಕಿದರು. ರಾಕ್ ಸಂಗೀತದ ಚರಿತ್ರೆಯಲ್ಲಿ ಆ ಹೆಸರನ್ನು ನಾವು ಇನ್ನಷ್ಟು ಅಭಿಮಾನದಿಂದ ನೆನೆಯಬೇಕು.

'ಅಸ್ ಆ್ಯಂಡ್ ದೆಮ್' ಆಲ್ಬಮ್ಮಿನ ಅತಿ ದೀರ್ಘ ರಚನೆ, ಏಳು ನಿಮಿಷಕ್ಕೂ ಮಿಕ್ಕಿದ್ದು. ಇದರ ರಾಗವನ್ನು ರೈಟ್ ಮೊದಲು ಕಟ್ಟಿದ್ದು ಇಟಲಿಯ ನಿರ್ದೇಶಕ ಆಂಟೊನಿಯೊನಿಯ 'ಜಬ್ರಿಸ್ಕಿ ಪಾಯಿಂಟ್' ಸಿನಿಮಾಕ್ಕೆ. ಹಿಂಸೆಯ ದೃಶ್ಯದ ಹಿಂದೆ ಮೆಲ್ಲನೆಯ ಪಿಯಾನೋ ಎಂಬುದು ಕಲ್ಪನೆ. ನಿರ್ದೇಶಕರು ಬೇಡವೆಂದರು. ಬೇಡವಾದ ಆ ರಾಗ ಮೂಲೆಯಲ್ಲಿ ಕಾದಿತ್ತು. ವಾಟರ್ಸ್ ಅದಕ್ಕೆ ಯುದ್ಧದ ಮಾತು ಕೊಟ್ಟರು. ಅವರ ತಂದೆ 1944ರಲ್ಲಿ ಇಟಲಿಯ ಆಂಜಿಯೊ ರಣರಂಗದಲ್ಲಿ ಸತ್ತಾಗ ಮಗ ಐದು ತಿಂಗಳ ಕೂಸು. ನಾವು, ಅವರು ಎಂದು ಮನುಷ್ಯರನ್ನು ಗೆರೆ ಎಳೆದು ನಿಲ್ಲಿಸುವವರು ಹಿಂದೆ ಸುರಕ್ಷಿತವಾಗಿರುತ್ತಾರೆ, ಮುಂದಿನ ಸಾಲಿನವರು ಸಾಯುತ್ತಾರೆ ಎಂಬ ಸಂಕಟ ಆ ಹಾಡಿನಲ್ಲಿ ಪುಸ್ತಕದಿಂದ ಬಂದದ್ದಲ್ಲ.

ಕೊನೆಯ ಭಾಗದ 'ಬ್ರೇನ್ ಡ್ಯಾಮೇಜ್' ಹುಚ್ಚಿನ ಬಗ್ಗೆ. ಅದರ ಹಿಂದೆಯೂ ಒಬ್ಬ ಗೆಳೆಯನಿದ್ದಾನೆ. ತಂಡವನ್ನು ಕಟ್ಟಿದವರಲ್ಲಿ ಮುಖ್ಯರಾದ ಸಿಡ್ ಬ್ಯಾರೆಟ್ ಮನಸ್ಸಿನ ಸ್ಥಿಮಿತ ತಪ್ಪಿ 1968ರಲ್ಲಿ ಹೊರಹೋಗಿದ್ದರು. ಜೊತೆಯಲ್ಲಿ ಹಾಡಿದವನು ಕಣ್ಣೆದುರೇ ಕತ್ತಲಿಗೆ ಸರಿದದ್ದನ್ನು ಕಂಡವರು ಬರೆದ ಹಾಡು ಅದು. ಹುಚ್ಚರನ್ನು ಅದು ಹೀಯಾಳಿಸುವುದಿಲ್ಲ, ಅವರ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ.

ಹಾಡುಗಳ ನಡುನಡುವೆ ಕೇಳಿಬರುವ ಬಿಡಿಮಾತುಗಳದ್ದೇ ಒಂದು ಕಥೆ. ವಾಟರ್ಸ್ ಸುಮಾರು ಇಪ್ಪತ್ತು ಪ್ರಶ್ನೆಗಳನ್ನು ಕಾರ್ಡುಗಳ ಮೇಲೆ ಬರೆದರು. ಮೊದಲಿಗೆ ಇಷ್ಟದ ಬಣ್ಣ, ಇಷ್ಟದ ಊಟ. ಹೋಗುತ್ತ ಹೋಗುತ್ತ ನೀವು ಕೊನೆಯ ಸಲ ಕೈಮಾಡಿದ್ದು ಯಾವಾಗ, ಸಾವಿಗೆ ಹೆದರುತ್ತೀರಾ ಎಂಬಂಥವು. ಸ್ಟುಡಿಯೋದಲ್ಲಿ ಸಿಕ್ಕವರನ್ನೆಲ್ಲ ಅರೆಗತ್ತಲಲ್ಲಿ ಮೈಕಿನ ಮುಂದೆ ಕೂರಿಸಿ ಉತ್ತರ ಪಡೆದರು. ಅದೇ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದ ಪಾಲ್ ಮೆಕಾರ್ಟ್ನಿ ದಂಪತಿಯೂ ಉತ್ತರಿಸಿದರು. ಜಗತ್ತಿನ ಅತಿ ಪ್ರಸಿದ್ಧ ಸಂಗೀತಗಾರರಲ್ಲಿ ಒಬ್ಬರ ಮಾತು ಕೈಯಲ್ಲಿತ್ತು. ಅದನ್ನು ಬಳಸಲಿಲ್ಲ. ಬಳಸಿದ್ದು ಸ್ಟುಡಿಯೋದ ಬಾಗಿಲು ಕಾಯುತ್ತಿದ್ದ ಐರ್ಲೆಂಡಿನ ಜೆರಿ ಓಡ್ರಿಸ್ಕಾಲ್ ಅವರ ಮಾತನ್ನು. ಹೆಸರಾಂತವರು ಎಚ್ಚರದಿಂದ ಉತ್ತರಿಸಿದರು, ಬಾಗಿಲು ಕಾಯುವವರು ಮನಸ್ಸು ಬಿಚ್ಚಿ ಮಾತಾಡಿದರು. ಈ ಆಯ್ಕೆಯಲ್ಲೇ ಆಲ್ಬಮ್ಮಿನ ಮೌಲ್ಯ ಏನೆಂಬುದು ತಿಳಿಯುತ್ತದೆ.

ರಕ್ಷಾಕವಚವನ್ನು ನೋಡದವರು ಇರಲಾರರು. ಹಾಡು ಕೇಳದವರೂ ಅಂಗಿಯ ಮೇಲೆ ಅದನ್ನು ತೊಟ್ಟಿರುತ್ತಾರೆ. ಕಪ್ಪು ಹಿನ್ನೆಲೆ, ಒಂದು ಗಾಜಿನ ಪಟ್ಟಕ, ಒಳಗೆ ಹೋಗುವ ಒಂದು ಬಿಳಿ ಗೆರೆ, ಹೊರಗೆ ಬರುವ ಬಣ್ಣಗಳು. ತಂಡದ ಹೆಸರಿಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಹಿಪ್ನೋಸಿಸ್ ಎಂಬ ವಿನ್ಯಾಸಕಾರರ ಸಂಸ್ಥೆ ತಂದಿಟ್ಟ ಏಳು ಮಾದರಿಗಳಲ್ಲಿ ನಾಲ್ವರೂ ಒಮ್ಮತದಿಂದ ಆರಿಸಿದ್ದು ಇದನ್ನು. ಬಣ್ಣಗಳನ್ನು ಎಣಿಸಿ ನೋಡಿ. ನ್ಯೂಟನ್ ಕಾಮನಬಿಲ್ಲಿನಲ್ಲಿ ಏಳು ಹೇಳಿದ, ಇಲ್ಲಿರುವುದು ಆರು. ಊದಾ ಬಣ್ಣ ಇಲ್ಲ. ಐವತ್ತು ವರ್ಷದಿಂದ ಕಣ್ಣೆದುರಿಗಿದ್ದರೂ ನಮ್ಮಲ್ಲಿ ಎಷ್ಟೋ ಜನ ಎಣಿಸಿರುವುದಿಲ್ಲ.

1988ರಲ್ಲಿ ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯಿಂದ ಇಳಿಯಿತು. ಅದೇ ವರ್ಷದ ನವೆಂಬರಿನಲ್ಲಿ ಸೋವಿಯತ್ ಒಕ್ಕೂಟದ ಸೋಯುಜ್ ನೌಕೆ ಬೈಕನೂರಿನಿಂದ ಮೇಲೇರಿತು. ಗಗನಯಾತ್ರಿಗಳ ಜೊತೆ ಪಿಂಕ್ ಫ್ಲಾಯ್ಡ್ ಕಛೇರಿಗಳ ಒಂದು ಕ್ಯಾಸೆಟ್ಟಿತ್ತು, ಅದರಲ್ಲಿ 'ಟೈಮ್' ಹಾಡೂ ಇತ್ತು. ಗಿಲ್ಮೋರ್ ಮತ್ತು ಮೇಸನ್ ಆ ಉಡಾವಣೆಯನ್ನು ನಿಂತು ನೋಡಿದರು. ಪಟ್ಟಿಯಿಂದ ಇಳಿದ ವರ್ಷವೇ ಹಾಡು ಭೂಮಿಯ ಕಕ್ಷೆ ಸೇರಿತು.

ನಮ್ಮ ಊರಿಗೂ ಅದು ಬಂತು. 2002ರ ಏಪ್ರಿಲ್‌ನಲ್ಲಿ ರೋಜರ್ ವಾಟರ್ಸ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು. ಕಾಲೇಜು ಹಾಸ್ಟೆಲ್ಲುಗಳ ಕೋಣೆಗಳಲ್ಲಿ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲಾಗುತ್ತ ಹೋಗಿ ಸವೆದ ದನಿಯನ್ನೇ ಕೇಳಿ ಬೆಳೆದ ಒಂದು ತಲೆಮಾರಿಗೆ, ಆ ಗಡಿಯಾರಗಳು ತಮ್ಮದೇ ಊರಿನ ಬಯಲಲ್ಲಿ ಬಡಿದದ್ದು ಮರೆಯುವ ಸಂಗತಿಯಲ್ಲ. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಜಗಳವಾಡಿ ಬೇರೆಯಾಗಿದ್ದ ನಾಲ್ವರೂ 24 ವರ್ಷಗಳ ಮೇಲೆ ಒಟ್ಟಿಗೆ ನಿಂತರು. ಶುರುಮಾಡಿದ್ದು ಅದೇ ಎದೆಬಡಿತದಿಂದ. ನಾಲ್ವರೂ ಒಟ್ಟಾಗಿ ನುಡಿಸಿದ್ದು ಅದೇ ಕೊನೆ. 2008ರಲ್ಲಿ ರೈಟ್ ತೀರಿಕೊಂಡರು. 2024ರಲ್ಲಿ ಪಿಂಕ್ ಫ್ಲಾಯ್ಡ್ ಧ್ವನಿಮುದ್ರಿಕೆಗಳ ಹಕ್ಕನ್ನು ಸೋನಿ ಸಂಸ್ಥೆ ಕೊಂಡಿತು. ವರದಿಯಾದ ಬೆಲೆ ಸುಮಾರು 40 ಕೋಟಿ ಡಾಲರ್. ಒಂದು ತುದಿಯಲ್ಲಿ 40 ಕೋಟಿ ಡಾಲರ್, ಇನ್ನೊಂದು ತುದಿಯಲ್ಲಿ ಒಂದು ಭಾನುವಾರದ 30 ಪೌಂಡು.

ಈಗ ಹೆಸರಿನ ಮಾತು. ವಿಜ್ಞಾನದ ಕಣ್ಣಿನಲ್ಲಿ ಚಂದ್ರನಿಗೆ ಸದಾ ಕತ್ತಲಿರುವ ಮಗ್ಗುಲಿಲ್ಲ. ನಮಗೆ ಕಾಣದ ಮಗ್ಗುಲಿದೆ, ಅಷ್ಟೆ. ನಮ್ಮ ಅಮಾವಾಸ್ಯೆಯ ದಿನ ಆ ಮಗ್ಗುಲಿನ ಮೇಲೆ ಪೂರ್ತಿ ಬಿಸಿಲು. ಆಲ್ಬಮ್ಮಿನ ಕಟ್ಟಕಡೆಯಲ್ಲಿ ಬಾಗಿಲು ಕಾಯುವ ಓಡ್ರಿಸ್ಕಾಲ್ ತಮಗೆ ಹೊಳೆದಂತೆ ಹೇಳಿದ್ದೂ ಇದನ್ನೇ. ಕತ್ತಲ ಮಗ್ಗುಲು ಅಂತ ಒಂದಿಲ್ಲ, ಚಂದ್ರನೇ ಇಡಿಯಾಗಿ ಕಪ್ಪು ಎಂಬ ಅರ್ಥದ ಮಾತು ಅವರದು. ಅದೂ ನಿಜವೇ. ಚಂದ್ರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಹಿಂದಕ್ಕೆ ಕಳಿಸುವುದು ಸುಮಾರು ನೂರಕ್ಕೆ ಹನ್ನೆರಡು ಪಾಲು ಮಾತ್ರ. ಹಳೆಯ ಡಾಂಬರು ರಸ್ತೆಯಷ್ಟು ಕಪ್ಪು ಅದು. ಹುಣ್ಣಿಮೆಯಲ್ಲಿ ಊರೆಲ್ಲ ಬೆಳ್ಳಗೆ ಮಾಡುವುದು ಎರವಲು ಬೆಳಕಿನ ಆ ಒಂದಂಶ. ಈ ಆಲ್ಬಮ್ಮಿನ ಧ್ವನಿಮುದ್ರಣ ಇನ್ನೂ ಮುಗಿದಿರದಿದ್ದಾಗಲೇ, 1972ರ ಡಿಸೆಂಬರ್ 14ರಂದು, ಅಪೊಲೊ 17ರ ಯಾತ್ರಿಗಳು ಚಂದ್ರನ ನೆಲ ಬಿಟ್ಟು ಹೊರಟರು. ಅಲ್ಲಿಂದ ಐವತ್ತು ವರ್ಷ ಕಳೆದರೂ ಮತ್ತೊಬ್ಬ ಮನುಷ್ಯ ಅಲ್ಲಿ ಕಾಲಿಡಲಿಲ್ಲ. ಆಲ್ಬಮ್ಮಿಗೆ ಐವತ್ತು ತುಂಬಿದ 2023ರಲ್ಲಿ ಬೆಂಗಳೂರಿನ ನಿಯಂತ್ರಣ ಕೊಠಡಿಯಿಂದ ನಡೆಸಿದ ಚಂದ್ರಯಾನ-3 ಅಲ್ಲಿ ಇಳಿಯಿತು.

ಇಷ್ಟು ದೊಡ್ಡ ಅಂಕಿಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಸರಳವಾದದ್ದು. ಕಾಲ, ಹಣ, ಯುದ್ಧ, ಹುಚ್ಚು, ಸಾವು ಈ ಐದನ್ನು ಬಿಟ್ಟು ಈ ಆಲ್ಬಮ್ ಬೇರೇನನ್ನೂ ಹಾಡುವುದಿಲ್ಲ. ಐದರಲ್ಲಿ ಒಂದಾದರೂ ಬಾಗಿಲು ತಟ್ಟದ ಮನೆ ಜಗತ್ತಿನಲ್ಲಿಲ್ಲ. ಮತ್ತು ಆ ಐದನ್ನೂ ಅವರು ದೊಡ್ಡ ಮಾತುಗಳಲ್ಲಿ ಹೇಳಲಿಲ್ಲ. ಬೋಗುಣಿಗೆ ಬಿದ್ದ ನಾಣ್ಯದಲ್ಲಿ, ಅಂಗಡಿಯ ಗಡಿಯಾರದಲ್ಲಿ, ಬಾಗಿಲು ಕಾಯುವವರ ಮಾತಿನಲ್ಲಿ, ಹೆಸರುವಾಸಿಯಲ್ಲದ ಗಾಯಕಿಯ ಕೂಗಿನಲ್ಲಿ ಹೇಳಿದರು. ಹನಿಗೂಡಿದರೆ ಹಳ್ಳ ಎಂಬ ಗಾದೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಒಂದು ಬಿನ್ನಹ. ಇದರ ಹಾಡುಗಳನ್ನು ಈಗ ಬಿಡಿಬಿಡಿಯಾಗಿ, ನಡುವೆ ಜಾಹೀರಾತು ಸೇರಿಸಿಕೊಂಡು ಕೇಳುತ್ತೇವೆ. ಹಾಗೆ ಕೇಳಬೇಡಿ. ಒಂದು ರಾತ್ರಿ ದೀಪ ಆರಿಸಿ, ಫೋನು ದೂರವಿಟ್ಟು, ಮೊದಲಿನಿಂದ ಕೊನೆಯವರೆಗೆ ಒಂದೇ ಪಟ್ಟಿಗೆ ಕೇಳಿ. ಕೊನೆಯ ಹಾಡು ಮುಗಿದ ಮೇಲೂ ಏಳಬೇಡಿ. ಶುರುವಿನಲ್ಲಿ ಕೇಳಿದ ಎದೆಬಡಿತ ಮತ್ತೆ ಬರುತ್ತದೆ, ಸಣ್ಣದಾಗುತ್ತ ಆಗುತ್ತ ನಿಲ್ಲುತ್ತದೆ. ಆಮೇಲೆ ಉಳಿಯುವ ಮೌನದಲ್ಲಿ ನಿಮಗೆ ಕೇಳಿಸುವುದು ನಿಮ್ಮದೇ ಎದೆಯ ಬಡಿತ. ಆ 43 ನಿಮಿಷದಲ್ಲಿ ಅದು ಸುಮಾರು 3,000 ಸಲ ಬಡಿದಿರುತ್ತದೆ.